ಆರು ಹೊತ್ತಿನ ಮುದ್ದೆ

ಹೊನ್ನೂರಿನ ಕೆಂಪನಂಜಪ್ಪನ ಮನೆಯಲ್ಲಿ ಉಣ್ಣುವ ಬಾಯಿ ಐದು, ಮುದ್ದೆ ತೊಳಸುವುದು ದಿನಕ್ಕೆ ಆರು ಸಲ. ಇದೆಂಥ ಲೆಕ್ಕ ಎಂದು ಯಾರಾದರೂ ಕೇಳಿದರೆ ಆತನ ಹೆಂಡತಿ ಪುಟ್ಟಬಸಮ್ಮನ ಬಲಭುಜವೇ ಉತ್ತರ ಹೇಳಬೇಕು. ಬೇರೆ ಯಾರೂ ಎಣಿಸಿರಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಮಗ ಮಲ್ಲಿಕಾರ್ಜುನಸ್ವಾಮಿ ಯಳಂದೂರಿನ ಪೈಪಿನ ಅಂಗಡಿಗೆ ಹೊರಡುವಾಗ ಒಂದು. ಹನ್ನೆರಡೂವರೆಗೆ ಯಜಮಾನರಿಗೆ ಒಂದು. ಮೂರೂವರೆಗೆ ಮೊಮ್ಮಗಳು ಮಾಲಿನಿ ಕಾಲೇಜಿನಿಂದ ಬಂದು, ಅನ್ನ ತಿಂದರೆ ದಪ್ಪಗಾಗುತ್ತೇನೆ ಎಂದು ಮುಖ ಸಿಂಡರಿಸಿದಾಗ ಒಂದು. ಸಂಜೆ ಏಳೂವರೆಗೆ ಸೊಸೆ ಭವ್ಯ ಕೊಳ್ಳೇಗಾಲದ ಗಾರ್ಮೆಂಟ್ಸಿನಿಂದ ಬಸ್ಸಿಳಿದು ಬಂದಾಗ ಒಂದು. ಎಂಟೂವರೆಗೆ, ಟಿವಿಯಲ್ಲಿ ಕಚ್ಚಾಡುವವರು ಕಚ್ಚಾಡಿ ಮುಗಿಸಿದ ಮೇಲೆ, ಯಜಮಾನರಿಗೆ ಮತ್ತೊಂದು. ಒಂಬತ್ತೂವರೆಗೆ ಮಗನಿಗೆ ಮತ್ತೊಂದು. ಪುಟ್ಟಬಸಮ್ಮ ಉಣ್ಣುತ್ತಿದ್ದುದು ಯಾವಾಗ ಎಂದರೆ, ಪಾತ್ರೆಯ ತಳದಲ್ಲಿ ಹಿಡಿದದ್ದನ್ನು ಕೆರೆಯುವಾಗ.

ಸಾರನ್ನು ಹತ್ತು ಸಲ ಬಿಸಿ ಮಾಡಬಹುದು. ಮುದ್ದೆಯ ಹಟ ಹಾಗಲ್ಲ. ಆರಿದರೆ ಅದು ನಾಯಿಗೂ ಬೇಡ. ಈ ಸೀಮೆಯವರ ಬಾಯಲ್ಲಿ ಮುದ್ದೆ ಅಂದರೆ ‘ಇಟ್ಟು’, ಇಟ್ಟು ಅಂದರೆ ಬಿಸಿ ಇಟ್ಟು. ಹದಿನೈದು ವರ್ಷದ ಹಿಂದೆ ಇದೇ ಜನ, ಮನೆಗೆ ನೆಂಟರು ಬಂದರೆ ಮುದ್ದೆಯ ಪಾತ್ರೆ ಮುಚ್ಚಿಟ್ಟು ಅನ್ನ ಬಡಿಸುತ್ತಿದ್ದರು. ಈಗ ಯಜಮಾನರಿಗೆ ಸಕ್ಕರೆ ಕಾಯಿಲೆ, ಮಗನಿಗೆ ಹೊಟ್ಟೆಯ ತೊಂದರೆ, ಮೊಮ್ಮಗಳಿಗೆ ಫೋನಿನಲ್ಲಿ ಯಾರೋ ಹೇಳಿದ ಸಿರಿಧಾನ್ಯ. ಎಲ್ಲರಿಗೂ ಮುದ್ದೆ ಬೇಕು, ಆದರೆ ಅವರವರ ಹೊತ್ತಿಗೆ ಬೇಕು.

ಸೌದೆ ಒಲೆ ಇದ್ದಾಗ ಹೀಗಿರಲಿಲ್ಲ. ಒಲೆ ಹೊತ್ತಿಸಿದಾಗ ಉಣ್ಣಬೇಕು, ಒಲೆ ಆರಿದ ಮೇಲೆ ಊರಿನ ಪಟೇಲನೇ ಬಂದರೂ ಉಪ್ಪಿನಕಾಯಿ ಅನ್ನವೇ ಗತಿ. ಗ್ಯಾಸು ಬಂತು, ಹೊಗೆ ಹೋಯಿತು. ಪುಟ್ಟಬಸಮ್ಮ ಅವತ್ತು ಸಂತೋಷದಿಂದ ಸಿಲಿಂಡರಿಗೆ ವಿಭೂತಿ ಹಚ್ಚಿದ್ದಳು. ಹೊಗೆಯ ಜೊತೆಗೇ ಹೊತ್ತೂ ಹೋಯಿತು ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು. ‘ಕಿವಿ ತಿರುವಿದ್ರೆ ಹತ್ಕೊತದೆ, ಅದೇನ್ ಮಹಾ’ ಎನ್ನುವ ಮಾತು ಮನೆಯಲ್ಲಿ ಹುಟ್ಟಿದ್ದೇ ಆಗ.

ಎರಡು ವರ್ಷದ ಹಿಂದೆ ಮಗ ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಹಾಕಿಸಿದ. ಮೊದಲು ಅವಳು ನೆಲದ ಮೇಲೆ ಮಣೆ ಹಾಕಿ ಕೂತು, ಪಾತ್ರೆಯನ್ನು ಕೆಳಗಿಳಿಸಿ, ಪಾತ್ರೆ ಅಲುಗದಂತೆ ಕವೆಗೋಲನ್ನು ಪಾದದಿಂದ ಒತ್ತಿ ಹಿಡಿದು, ಮೈಭಾರವೆಲ್ಲ ಬಿಟ್ಟು ತೊಳಸುತ್ತಿದ್ದಳು. ಈಗ ನಿಂತು ತೊಳಸಬೇಕು. ಕುಳ್ಳು ಹೆಂಗಸು, ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ, ಕೋಲು ಹಿಡಿದ ಕೈ ಕಿವಿಯ ಮಟ್ಟಕ್ಕೆ. ದಿನಕ್ಕೆ ಆರು ಸಲ ಹೀಗೆ ನಿಂತು ನಿಂತು, ಆಷಾಢದ ಹೊತ್ತಿಗೆ ತನ್ನ ತುರುಬು ತಾನು ಕಟ್ಟಿಕೊಳ್ಳಲು ಆಗದೆ ಮಾಲಿನಿಯ ಮುಂದೆ ಬೆನ್ನು ಹಾಕಿ ಕೂರುವಂತಾಯಿತು.

ಮಗ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದ. ಡಾಕ್ಟರು ಕೈ ಎತ್ತಿಸಿ, ಹಿಂದಕ್ಕೆ ತಿರುಗಿಸಿ, ಅವಳು ಅಯ್ಯಪ್ಪಾ ಎಂದಾಗ ಬಿಟ್ಟರು.

“ಏನು ಕೆಲಸ ಮಾಡ್ತೀರಮ್ಮ?”

ಪುಟ್ಟಬಸಮ್ಮ ಬಾಯಿ ತೆಗೆಯುವ ಮೊದಲೇ ಮಗ ಹೇಳಿದ: “ಏನಿಲ್ಲ ಸಾ. ಮನೇಲೇ ಇರ್ತಾರೆ.”

ಭುಜದ ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. “ಇಟ್ಟು ತೊಳಸ್ತೀನಿ ಸಾ,” ಅಂದಳು. “ದಿನಕ್ಕಾರು ಸಲ.”

ಡಾಕ್ಟರು ಕನ್ನಡಕ ತೆಗೆದು ನೋಡಿದರು. “ಆರು ಸಲ? ಮನೇಲಿ ಹೋಟ್ಲು ನಡಸ್ತೀರಾ? ಹೀಗೇ ಬಿಟ್ರೆ ಈ ಕೈ ಮೇಲೆ ಏಳಲ್ಲ ನೋಡಿ. ಕಡಿಮೆ ಮಾಡಬೇಕು.”

ಮಗ ಕಡಿಮೆ ಮಾಡಲಿಲ್ಲ, ಮೆಷಿನು ತಂದ. ಮುದ್ದೆ ಮಾಡುವ ಕರೆಂಟಿನ ಮೆಷಿನು. ನೀರು ಹಿಟ್ಟು ಹಾಕಿ ಗುಂಡಿ ಒತ್ತಿದರೆ ತಾನೇ ತಿರುಗುತ್ತದೆ. ಮನೆಯವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು, ಮಾಲಿನಿ ವಿಡಿಯೊ ಮಾಡಿಕೊಂಡಳು. ಒಂದು ಸಲ ಮಾಡಿದ ಮೇಲೆ ಅದರ ಬ್ಲೇಡು, ಮುಚ್ಚಳ, ಒಳಗಿನ ಬಟ್ಟಲು, ರಬ್ಬರಿನ ಬಳೆ ಇಷ್ಟನ್ನೂ ಬಿಚ್ಚಿ, ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆದು ತೊಳೆಯಬೇಕು. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ. ನಾಲ್ಕನೇ ದಿನ ಪುಟ್ಟಬಸಮ್ಮ ಅದನ್ನು ಅದರ ಡಬ್ಬಿಗೇ ತುಂಬಿ ಅಟ್ಟಕ್ಕೆ ಹಾಕಿಸಿದಳು.

“ಒಂಬತ್ತು ಸಾವ್ರ ಕಣವ್ವ ಅದು!” ಎಂದ ಮಗ.

“ನಂಗೆ ತೊಳಸಾ ಕೈ ನೋಯ್ತದೆ ಅಂದ್ರೆ ತೊಳಿಯಾ ಕೆಲ್ಸ ತಂದ್ಯಲ್ಲ ಮಗ! ನಾ ಕೇಳ್ದಾದು ಮಿಷಿನ್ನಾ? ಎಲ್ರೂ ಒಟ್ಗೆ ಉಣ್ಣಿ ಅಂದೆ.”

“ನಂಗೆ ಅಂಗಡಿ ಬಾಕ್ಲಾಕದು ರಾತ್ರಿ ಒಂಬತ್ತಕ್ಕೆ. ನಾನೇನ್ ಮಾಡ್ಲಿ?”

“ಒಂಬತ್ತಕ್ಕೆ ಬಾಕ್ಲಾಕು. ಬಂದು ಅನ್ನ ಉಣ್ಣು. ಯಾರ್ ಬ್ಯಾಡಾಂದ್ರು?”

ಹಜಾರದಿಂದ ಕೆಂಪನಂಜಪ್ಪ ಗೊಣಗಿದ. “ಮನೆಗೆ ದುಡ್ಕಂಡ್ ಬರೋ ಗಂಡ್ಮಗ. ಅವನ್ಗೊಂದು ಬಿಸಿ ಇಟ್ಟಿಗೆ ಗತಿ ಇಲ್ವಾ ಈ ಮನೇಲಿ?”

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತಾರೆ. ಕೆಂಪನಂಜಪ್ಪ ತಾನು ಉಂಡ ತಟ್ಟೆಯನ್ನೂ ಎತ್ತಿಡುತ್ತಿರಲಿಲ್ಲ. ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ಆರು ವರ್ಷವಾಗಿತ್ತು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಅರಳಿಕಟ್ಟೆ, ಆಮೇಲೆ ಫೋನು, ಆಮೇಲೆ ಟಿವಿ. ಹೊತ್ತು ಎನ್ನುವುದು ಮನೆಯಲ್ಲಿ ಯಾರಿಗಾದರೂ ಬೇಕಾದಷ್ಟು ಇದ್ದರೆ ಅದು ಆತನಿಗೆ. ಆದರೂ ಏಳೂವರೆಗೆ ಕರೆದರೆ ಏಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಪುಟ್ಟಬಸಮ್ಮ ಹಿತ್ತಲಿಗೆ ಹೋದಳು. ಸ್ನಾನದ ನೀರಿಗೆ ಸೋಲಾರ್ ಹಾಕಿಸಿದ ಮೇಲೆ ಅಲ್ಲಿನ ಸೌದೆ ಒಲೆಯಲ್ಲಿ ಕೋಳಿ ಮೊಟ್ಟೆ ಇಡುವಂತಾಗಿತ್ತು, ಪಕ್ಕದ ಮನೆಯ ಕೋಳಿ. ಅದನ್ನು ಓಡಿಸಿ, ಬೂದಿ ಬಳಿದು, ಮಣ್ಣು ಮೆತ್ತಿ, ಸಗಣಿ ಸಾರಿಸಿದಳು. ಮಣೆ ಹಾಕಿ ಕೂತು ಕವೆಗೋಲನ್ನು ಪಾದಕ್ಕೆ ಒತ್ತಿಕೊಂಡು ತೊಳಸಿದಾಗ ಭುಜ ಸುಮ್ಮನಿತ್ತು. ಅಷ್ಟು ದಿನದ ಮೇಲೆ ಸುಮ್ಮನಿದ್ದ ಭುಜ ಅವಳಿಗೆ ಧೈರ್ಯ ಕೊಟ್ಟಿತು.

“ಕೇಳ್ಕಳ್ಳಿ ಎಲ್ರೂ,” ಎಂದಳು ಸಂಜೆ, ನಡುಮನೆಯಲ್ಲಿ ನಿಂತು. “ಇನ್ಮೇಲೆ ಈ ಮನೇಲಿ ಇಟ್ಟು ಎರಡೇ ಸಲ. ಮಧ್ಯಾನ ಹನ್ನೆರಡೂವರೆಗೊಂದು, ಸಂದ್ಗೆ ಏಳೂವರೆಗೊಂದು. ಇದ್ದೋರು ಉಣ್ಣಿ. ಇಲ್ದೋರ್ಗೆ ಅನ್ನ ಸಾರು ಮುಚ್ಚಿಟ್ಟಿರ್ತೀನಿ. ಒಲೆ ಆರ್ದ ಮೇಲೆ ನನ್ನ ಯಾರೂ ಕೇಳ್ಬ್ಯಾಡಿ.”

“ಅಜ್ಜಿ ಸ್ಟ್ರೈಕ್!” ಎಂದು ಮಾಲಿನಿ ನಕ್ಕಳು.

“ಊಂ ಕಣವ್ವ, ಅದೇ.”

ಕೆಂಪನಂಜಪ್ಪ ನಗಲಿಲ್ಲ. “ನಲ್ವತ್ತೊರ್ಷ ಇಲ್ದಿದ್ದು ಈಗೇನ್ ಬಂತಮ್ಮಿ ನಿಂಗೆ?”

“ಭುಜ ನೋವು ಬಂತು,” ಎಂದಳು.

ಮೊದಲ ವಾರ ಮನೆ ಮನೆಯಾಗಿರಲಿಲ್ಲ. ಏಳೂವರೆಯ ಪಂಕ್ತಿಗೆ ಕೂತವರು ಭವ್ಯ, ಮಾಲಿನಿ ಇಬ್ಬರೇ. ಕೆಂಪನಂಜಪ್ಪ ಎಂಟೂವರೆಗೆ ಎದ್ದು ಬಂದು ಬೋರಲು ಹಾಕಿದ ಪಾತ್ರೆಯನ್ನು ನೋಡಿ, ತಟ್ಟೆಯನ್ನು ನೆಲಕ್ಕೆ ಬಡಿದು, ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಪರೋಟ ತರಿಸಿದ. ಮಗ ಅಂಗಡಿಯಿಂದ ಬರುವಾಗಲೇ ಗೋಬಿ ಮಂಚೂರಿ ತಿಂದು ಬಂದ, ಮಧ್ಯರಾತ್ರಿ ಹೊಟ್ಟೆ ಹಿಡಿದುಕೊಂಡ. ಬೆಳಿಗ್ಗೆ ಇಬ್ಬರೂ ಅವಳ ಕಡೆ ಕೊಲೆಗಾರ್ತಿಯನ್ನು ನೋಡಿದಂತೆ ನೋಡಿದರು.

“ನನ್ ಸಕ್ರೆ ಏರಿ ನಾ ಬಿದ್ರೆ ಆಗ ತೊಳಸು, ತಿಥಿಗೆ,” ಎಂದ ಗಂಡ.

“ಏಳೂವರೆಗೆ ಉಂಡ್ರೆ ಸಕ್ರೆ ಯಾಕೇರ್ತದೆ? ಎದ್ದು ಬನ್ನಿ. ಟಿವಿಯವರು ನಿಮ್ಗೇನು ಮುಯ್ಯಿ ಮಾಡ್ತಾರಾ?”

ಎರಡನೇ ವಾರ ಗಲಾಟೆ ತಾನಾಗಿ ನಿಂತಿತು. ಪರೋಟ ಬರಲಿಲ್ಲ, ಗೋಬಿ ಬರಲಿಲ್ಲ, ತಟ್ಟೆ ಬಡಿಯಲಿಲ್ಲ. ಗೆದ್ದೆ ಎಂದುಕೊಂಡಳು ಪುಟ್ಟಬಸಮ್ಮ. ಎಂಟಕ್ಕೆ ಪಾತ್ರೆ ತೊಳೆದು ಬೋರಲು ಹಾಕಿ, ಎರಡು ಮನೆಯಾಚೆಯ ಯಶೋದಳ ಜಗುಲಿಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಎರಡು ತಾಸು ಕೂತು ಬರುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ಹೊತ್ತಿನಲ್ಲಿ ಅವಳು ಬೇರೆಯವರ ಜಗುಲಿ ಹತ್ತಿದ್ದು ಅದೇ ಮೊದಲು. ಕೈಯೂ ತುಸು ಮೇಲೇಳುತ್ತಿತ್ತು. ಒಂದು ಬೆಳಿಗ್ಗೆ ತನ್ನ ತುರುಬನ್ನು ತಾನೇ, ಸೊಟ್ಟಗಾದರೂ, ಕಟ್ಟಿಕೊಂಡಳು.

ಹೀಗಿರುವಾಗ ಒಂದು ಗುರುವಾರ ಯಶೋದಳ ಮನೆಗೆ ಯಾರೋ ನೆಂಟರು ಬಂದರೆಂದು ಪುಟ್ಟಬಸಮ್ಮ ಹೋದ ಕಾಲಲ್ಲೇ ಹಿಂದಿರುಗಿದಳು. ಹಜಾರದಲ್ಲಿ ಗಂಡ ಕಾಲು ಚಾಚಿ ಕೂತಿದ್ದ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕಟ್ಟೆಯ ಮುಂದೆ ಭವ್ಯ, ಕೊರಳಲ್ಲಿ ಗಾರ್ಮೆಂಟ್ಸಿನ ಕಾರ್ಡು ಇನ್ನೂ ನೇತಾಡುತ್ತಿರುವಂತೆಯೇ, ಹಲ್ಲು ಕಚ್ಚಿಕೊಂಡು ಕೋಲು ತಿರುಗಿಸುತ್ತಿದ್ದಳು.

“ಇದೇನವ್ವ ಇದು?”

ಭವ್ಯ ತಿರುಗಲಿಲ್ಲ. “ಮಾವಂಗೆ ಇಟ್ಟು.”

“ಯಾವತ್ತಿಂದ?”

“ಒಂಬತ್ತು ದಿನ ಆಯ್ತು. ಮಾವಂಗೊಂದು, ಅವ್ರಿಗೊಂದು. ನೀವು ಯಶೋದಕ್ಕನ ಮನೆಯಿಂದ ಬರೋದ್ರೊಳ್ಗೆ ಪಾತ್ರೆ ತೊಳ್ದಿಡು ಅಂದಿದ್ರು ಮಾವ.”

ನಿಜ ಹೇಳಬೇಕೆಂದರೆ ಪುಟ್ಟಬಸಮ್ಮನ ಮನಸ್ಸಿನಲ್ಲಿ ಮೊದಲು ಬಂದದ್ದು ಅಂಥ ಒಳ್ಳೆಯ ಮಾತೇನಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಾನು ಮಾಡಲಿಲ್ಲವೇ, ಇವಳೂ ಮಾಡಲಿ ಅಂತಲೇ ಬಂತು. ಬಾಯಿಂದ ಬಂದದ್ದು ಬೇರೆ: “ನಂಗ್ಯಾಕೆ ಹೇಳ್ನಿಲ್ಲ ನೀನು?”

ಭವ್ಯ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು. ಕಣ್ಣು ಕೆಂಪಗಿತ್ತು.

“ನೀವು ಕೇಳಿದ್ರಾ ಅತ್ತೆ? ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿ, ದಿನವೆಲ್ಲ ಕಾಲರ್ ಹೊಲ್ದು ಬರ್ತೀನಿ. ಬಾತ್‌ರೂಮಿಗೆ ಹೋದ್ರೂ ಸೂಪರ್‌ವೈಸರ್ ಟೈಮ್ ನೋಡ್ತಾನೆ. ನಿಮ್ಗೆ ಭುಜ ನೋವು, ಸರಿ. ನೀವು ಕೋಲು ಕೆಳಗಿಟ್ರಿ. ಅದೇನು ನೆಲಕ್ಕೆ ಬಿತ್ತು ಅಂದ್ಕಂಡ್ರಾ? ನನ್ ಕೈಗೆ ಬಿತ್ತು!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವಳು ತಾನೇ ಎಂದು ತಿಳಿದಾಗ ಪುಟ್ಟಬಸಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ನುಗ್ಗಿತು. ಗ್ಯಾಸಿನ ಕಿವಿ ಹಿಂಡಿ ಆರಿಸಿ ಹಜಾರಕ್ಕೆ ಬಂದಳು.

“ಕಳ್ಳತನ್ದಲ್ಲಿ ಇಟ್ಟು ಉಣ್ತೀರಾ? ಅದೂ ಆ ಹೆಣ್ಮಗಳ ಕೈಲಿ ತೊಳಸ್ಕಂಡು?”

ಕೆಂಪನಂಜಪ್ಪ ಟಿವಿಯ ಸದ್ದನ್ನೂ ಇಳಿಸಲಿಲ್ಲ. “ನೀ ಮಾಡಲ್ಲ ಅಂದೆ, ಸೊಸೆ ಮಾಡ್ತಾಳೆ. ನಿಂಗೇನ್ ಕಷ್ಟ ಅದ್ರಲ್ಲಿ?”

“ಅವಳ್ಗೂ ಭುಜ ಐತೆ. ಅಷ್ಟು ಬೇಕಾದ್ರೆ ನೀವೇ ಎದ್ದು ತೊಳಸ್ಕಳಿ.”

ಆತ ದೊಡ್ಡದಾಗಿ ನಕ್ಕ. “ಗಂಡಸ್ರಿಗೆ ಎಲ್ಲಮ್ಮಿ ಬತ್ತದೆ ಇಟ್ಟು ತೊಳಸಾದು? ಅದು ಎಂಗಸ್ರ ಕೈಗುಣ. ಎಸ್ರು ಕಾಯಾದು ಯಾವಾಗ, ಇಟ್ಟಾಕಾದು ಯಾವಾಗ, ನಂಗೇನ್ ಗೊತ್ತು? ಕೈ ಸುಟ್ಕಂಡ್ರೆ ನಿಂಗೇ ತಾನೆ ಸೇವೆ?”

ಪುಟ್ಟಬಸಮ್ಮ ಅದನ್ನು ನಂಬಿದಳು. ನಂಬಿದ್ದಷ್ಟೇ ಅಲ್ಲ, ಎಲ್ಲೋ ಒಂದು ಮೂಲೆಯಲ್ಲಿ ಅಯ್ಯೋ ಪಾಪ ಎನಿಸಿತು. ಗೊತ್ತಿಲ್ಲದವರನ್ನು ಒಲೆಗೆ ತಳ್ಳುವುದು ಹೇಗೆ? ಗೊತ್ತಿರುವ ಸೊಸೆಯನ್ನು ಸಾಯಿಸುವುದು ಹೇಗೆ? ಮರುದಿನದಿಂದ ಎಂಟೂವರೆಯದನ್ನು ತಾನೇ ತೊಳಸಿದಳು, ಅದೂ ಕಟ್ಟೆಯ ಮೇಲೆ, ನಿಂತು. ಹಿತ್ತಲ ಒಲೆ ಅಷ್ಟು ಹೊತ್ತಿಗೆ ಆರಿರುತ್ತಿತ್ತು. ಮಗನಿಗೆ ಮಾತ್ರ ಭವ್ಯಳೇ ಕಡ್ಡಿ ಮುರಿದಂತೆ ಹೇಳಿದಳು: “ಅನ್ನ ಇದೆ, ಹಾಕ್ಕೊಂಡು ಉಣ್ಣಿ.” ಆತ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಹಾಕಿಕೊಂಡು ಉಂಡ.

ಹದಿನೈದು ದಿನ ಕಳೆಯಿತು. ಪುಟ್ಟಬಸಮ್ಮನ ಕೈ ಮತ್ತೆ ಕೆಳಕ್ಕಿಳಿಯಿತು. ತುರುಬಿರಲಿ, ರವಿಕೆಯ ತೋಳಿಗೆ ಕೈ ತೂರಿಸಲೂ ಭವ್ಯ ಬೇಕಾಯಿತು. “ಇನ್ನೊಂದ್ಸಲ ಡಾಕ್ಟ್ರು ನೋಡೋಣ ಅತ್ತೆ,” ಎಂದು ಭವ್ಯ ಹೇಳಿದರೆ, “ಅವರೇನೇಳ್ತಾರೆ? ತೊಳಸ್ಬ್ಯಾಡಿ ಅಂತಾರೆ,” ಎಂದಳು.

ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ಬೋರಲಾಗಿ, ಮೂರು ಗಂಟೆಯ ಬಿಸಿಲಿನಲ್ಲಿ ಲೊಕ್ಕನಹಳ್ಳಿಯ ಮಹದೇವಯ್ಯ ಬಂದರು. ಎಪ್ಪತ್ತರ ಹತ್ತಿರದವರು. ಕಾಡಂಚಿನ ಹೊಲದಲ್ಲಿ ಆನೆ ನುಗ್ಗದಂತೆ ಕಾಯುತ್ತ ಕಪ್ಪಾಗಿದ್ದರು. ಪ್ರತಿ ವರ್ಷ ಊರವರು ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಪರುಸೆ ಹೋಗುವಾಗ ಕೆಂಪನಂಜಪ್ಪನಿಗೆ ಜೊತೆಯಾದವರು. ಮೊಮ್ಮಗಳ ಮದುವೆಯ ಕರೆಯೋಲೆ ಹಿಡಿದು ಹನೂರು, ಕೊಳ್ಳೇಗಾಲ ಎಲ್ಲ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಊಟ ತಪ್ಪಿತ್ತು.

ಕೆಂಪನಂಜಪ್ಪನಿಗೆ ಎಲ್ಲಿಲ್ಲದ ಖುಷಿ. “ಭವ್ಯಾ! ಎಸ್ರಿಡವ್ವ. ಮಾದೇವಯ್ಯಂಗೆ ಬಿಸಿ ಇಟ್ಟು ಆಗ್ಲಿ. ಅವರೆಕಾಳು ಸಾರೈತಲ್ಲ!”

ವಾರಕ್ಕೊಂದೇ ರಜೆ, ಭವ್ಯ ಬಟ್ಟೆ ಒಗೆದು ಆಗಷ್ಟೇ ಗೋಡೆಗೊರಗಿದ್ದಳು. ಏಳಲು ಹೊರಟಳು. ಪುಟ್ಟಬಸಮ್ಮ ಎಡಗೈಯಿಂದ ಅವಳ ಸೆರಗು ಹಿಡಿದಳು. “ಕೂತ್ಕಾ.” ತಾನೇ ಎದ್ದಳು. ಗೋಡೆ ಹಿಡಿದು ಏಳುವಾಗ ಬಲಗೈ ಜೋತಾಡಿದ್ದನ್ನು ಮಹದೇವಯ್ಯ ನೋಡಿದರು.

“ಏನಾಗದೆ ಅತ್ಗಮ್ಮ ಕೈಗೆ?”

“ಭುಜ ಇಡ್ಕಂಡದೆ. ಬುಡಿ, ಒಂದ್ ಗಳಿಗೆ ಕೂತ್ಕಳಿ, ತೊಳಸ್ಬುಡ್ತೀನಿ.”

“ಅಯ್ಯೋ, ಈ ಕೈಲಿ ನೀವ್ಯಾಕ್ ತೊಳಸೀರಿ?” ಮಹದೇವಯ್ಯ ಹೆಗಲ ಟವೆಲು ಕೊಡವಿ ನಕ್ಕರು. “ಕೆಂಪ್ನಂಜಣ್ಣ ತೊಳಸ್ಲಿ. ಇವ್ರ ಕೈ ಇಟ್ಟು ಉಂಡು ವರ್ಷಾಯ್ತು ನಾನು.”

ಮಾಲಿನಿ ಫೋನಿನಿಂದ ತಲೆ ಎತ್ತಿದಳು.

“ಏನಂದ್ರಿ?” ಎಂದಳು ಪುಟ್ಟಬಸಮ್ಮ.

“ಅದೇ, ಪರುಸೆಲಿ. ದಾರೀಲಿ ಕೌದಳ್ಳಿತವು ಇಳ್ಕತೀವಲ್ಲ, ಅಲ್ಲಿ ಇಟ್ಟಿಗೆ ಇವ್ರೇ ಯಜಮಾನ್ರು. ಇಪ್ಪತ್ತೈದು ವರ್ಷದಿಂದ ಬ್ಯಾರೆಯವ್ರು ಕೋಲು ಮುಟ್ಟಂಗಿಲ್ಲ. ಕೊಪ್ಪರಿಗೆ ಇಟ್ಟು, ಅತ್ಗಮ್ಮ! ಮುನ್ನೂರು ಜನಕ್ಕೆ. ಎಸ್ರಿನ ಸದ್ ಕೇಳೇ ಹೇಳ್ತಾರೆ, ಈಗಾಕು ರಾಗಿಟ್ಟ ಅಂತ. ಒಂದು ಗಂಟಿರಕಿಲ್ಲ ಕಣಿ. ಮಾದಪ್ಪನೇ ಬಂದು ಕೂತವ್ನೆ ಇವ್ರ ಕೈಲಿ ಅಂತೀವಿ ನಾವೆಲ್ಲ.” ಹೇಳುತ್ತ ಹೇಳುತ್ತ ಎಲ್ಲರ ಮುಖ ನೋಡಿ ಅವರ ದನಿ ಇಳಿಯಿತು. “ಯಾಕೆ, ಇಲ್ಲಿ ತೊಳಸಕಿಲ್ವಾ?”

ಪುಟ್ಟಬಸಮ್ಮ ಗಂಡನ ಕಡೆ ತಿರುಗಿದಳು. ಪರುಸೆಗೆ ಹೋಗುವವರಿಗೆ ಪ್ರತಿ ವರ್ಷ ಬುತ್ತಿ ಕಟ್ಟಿಕೊಟ್ಟವಳು ಅವಳು. ಅಲ್ಲಿ ಅಡುಗೆಗೆ ಯಾರೋ ಭಟ್ಟರು ಇರುತ್ತಾರೆ ಎಂದೇ ತಿಳಿದಿದ್ದಳು. ಮೂರು ಹೆರಿಗೆ, ಒಂದು ಟೈಫಾಯಿಡ್ಡು, ಅತ್ತೆ ಸತ್ತ ಹನ್ನೊಂದು ದಿನ, ಈಗ ಈ ಭುಜ. ಇಷ್ಟರಲ್ಲೂ ಆ ಕೈ ಕೋಲು ಮುಟ್ಟಿರಲಿಲ್ಲ.

“ಎಸ್ರು ಕಾಯಾದು ಯಾವಾಗ ಅಂತ ಗೊತ್ತಿಲ್ಲ ಅಂದ್ರಿ,” ಎಂದಳು.

“ಅದು ದೇವರ ಕಾರ್ಯ ಕಣಮ್ಮಿ,” ಎಂದ ಕೆಂಪನಂಜಪ್ಪ, ಮಹದೇವಯ್ಯನ ಮುಂದೆ ನಗಲು ನೋಡುತ್ತ. “ಅದು ಬ್ಯಾರೆ, ಮನೆ ಬ್ಯಾರೆ.”

“ಅಲ್ಲಿ ಉಣ್ಣೋರು ದೇವ್ರಾ? ಅವ್ರೂ ಮನ್ಸರೇ ತಾನೆ?”

“ಅವ್ವ, ನೆಂಟ್ರ ಮುಂದೆ ಬ್ಯಾಡ ಬುಡು,” ಎಂದ ಮಗ.

“ನೀ ಸುಮ್ಕಿರ್ಲಾ! ‘ಏನಿಲ್ಲ ಸಾ’ ಅಂದೋನು ನೀನು!” ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. “ಮುನ್ನೂರು ಜನ! ಯಾರ್ಯಾರ್ದೋ ಮಕ್ಳು, ಎಲ್ಲೆಲ್ಲಿಯವ್ರೋ. ಅವ್ರ ಹೊಟ್ಟೆ ಹಸ್ವು ಗೊತ್ತಾಯ್ತದೆ. ನನ್ ಕೈ ಬಿದ್ದೋಗದು ಕಣ್ಮುಂದೆ ಕಾಣ್ನಿಲ್ಲ!”

ಅವಳು ಅಡುಗೆಮನೆಗೆ ಹೋದಳು. ಎಲ್ಲರೂ ಕೋಲು ತರುತ್ತಾಳೆ ಎಂದುಕೊಂಡರು. ತಂದದ್ದು ಮೂರು ತಟ್ಟೆ. ಮಹದೇವಯ್ಯನ ಮುಂದೆ ಒಂದಿಟ್ಟಳು, ಭವ್ಯಳ ಮುಂದೆ ಒಂದಿಟ್ಟಳು, ಮೂರನೆಯದನ್ನು ತನ್ನ ಮುಂದಿಟ್ಟುಕೊಂಡು ನೆಲಕ್ಕೆ ಕೂತಳು.

“ಮುನ್ನೂರ ಒಂದನೇವ್ಳು ನಾನು,” ಎಂದಳು. “ಓಗಿ, ತೊಳಸ್ಕಂಡು ಬನ್ನಿ.”

ಕೆಂಪನಂಜಪ್ಪ ಮಗನ ಮುಖ ನೋಡಿದ, ಸ್ನೇಹಿತನ ಮುಖ ನೋಡಿದ. ಯಾರೂ ನೆರವಿಗೆ ಬರಲಿಲ್ಲ. ಟವೆಲನ್ನು ತಲೆಗೆ ಸುತ್ತಿ ಹಿತ್ತಲಿಗೆ ಹೋದ. ಸೌದೆ ಮುರಿದ ಸದ್ದು ಕೇಳಿತು, ಎಸರು ಮರಳಿದ ಸದ್ದು ಕೇಳಿತು, ಕೋಲು ಪಾತ್ರೆಯ ಅಂಚಿಗೆ ತಾಗುವ ಸದ್ದು ಕೇಳಿತು. ಆ ಸದ್ದಿನಲ್ಲಿ ತಡವರಿಕೆ ಇರಲಿಲ್ಲ. ಪುಟ್ಟಬಸಮ್ಮ ಕಿವಿಗೊಟ್ಟು ಕೂತಿದ್ದಳು. ಎಲ್ಲಾದರೂ ಒಮ್ಮೆ ತಡೆಯಲಿ, ನೀರು ಹೆಚ್ಚಾಯಿತು ಅನ್ನಲಿ, ಯಾರನ್ನಾದರೂ ಕರೆಯಲಿ ಎಂದು ಕಾದಳು. ಆತ ಯಾರನ್ನೂ ಕರೆಯಲಿಲ್ಲ.

ಮುದ್ದೆ ಬಂತು. ನುಣ್ಣಗೆ, ಹೊಳೆಯುತ್ತ, ಅಂಗೈಯಲ್ಲಿ ಉರುಳಿಸಿ ಕಟ್ಟಿದ್ದು. ಮೂರು ತಟ್ಟೆಗೂ ಒಂದೇ ಅಳತೆ. ಕೆಂಪನಂಜಪ್ಪ ಸಾರು ಬಿಟ್ಟು ಒಂದು ಹೆಜ್ಜೆ ಹಿಂದೆ ನಿಂತ.

ಪುಟ್ಟಬಸಮ್ಮ ಎಡಗೈಯಲ್ಲಿ ಉಣ್ಣುವವಳಲ್ಲ. ನೋವು ನುಂಗಿ ಬಲಗೈಯನ್ನೇ ತಟ್ಟೆಗೆ ತಂದು ಮುರಿದಳು. ಹಬೆ ಬಂತು. ಬೆರಳಿನಿಂದ ಒಳಗೆಲ್ಲ ಒತ್ತಿ ನೋಡಿದಳು. ಒಂದು ಗಂಟಿರಲಿಲ್ಲ. ಒಂದೇ ಒಂದು ಗಂಟು ಇದ್ದಿದ್ದರೂ ಅವಳು ಕ್ಷಮಿಸಿಬಿಡುತ್ತಿದ್ದಳೋ ಏನೋ.

“ಎಂಗದೆ?” ಎಂದ ಕೆಂಪನಂಜಪ್ಪ.

ಅವಳು ನುಂಗಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

“ಚೆನ್ನಾಗದೆ,” ಎಂದಳು. ನಲವತ್ತು ವರ್ಷದಲ್ಲಿ ಅವಳು ಗಂಡನನ್ನು ಅಷ್ಟು ಕೆಟ್ಟದಾಗಿ ಬೈದದ್ದಿಲ್ಲ.